ಒತ್ತಡ ಅಳೆದವರು, ಹಕ್ಕು ಕೇಳಿದವರು

ಕಳೆದ ರಾಜ್ಯೋತ್ಸವದ ದಿನ ಊಟದ ಸಾಲಿನಲ್ಲಿ ನಿಂತಿದ್ದೆ. ನಮ್ಮ ಸಂಘದ ತರುಣ ಸದಸ್ಯರೊಬ್ಬರು, ಉಡುಪಿ ಕಡೆಯವರು, ಹತ್ತಿರ ಬಂದು, "ಸಾರ್, ನಾನೊಂದು ಪ್ರೆಶರ್ ಸೆನ್ಸರ್ ಡಿಸೈನ್ ಮಾಡಿದ್ದೇನೆ. ಚಿತ್ರ ಸಮೇತ ನಮ್ಮ ವಾರ್ತಾಪತ್ರಕ್ಕೆ ಎರಡು ಪುಟ ಬರೆದು ಕೊಟ್ಟಿದ್ದೇನೆ. ಆಮೇಲೆ ಪೇಟೆಂಟಿಗೂ ಹಾಕಬೇಕು ಅಂತಿದೆ" ಎಂದರು.

"ಪತ್ರ ಝೆರಾಕ್ಸಿಗೆ ಹೋಯಿತೇ?" ಎಂದು ಕೇಳಿದೆ.

"ಇಲ್ಲ ಸಾರ್, ಬರುವ ವಾರ."

"ಹಾಗಾದರೆ ನಡೆಯಿರಿ, ಮೊದಲು ಸಂಪಾದಕರನ್ನು ಹುಡುಕೋಣ. ಊಟ ಆಮೇಲೆ."

"ಅಲ್ಲ ಮಾರಾಯ್ರೆ, ಇದನ್ನು ಓದುವುದು ನಾವು ನಾವೇ ಅಲ್ವಾ?" ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ. ಇಪ್ಪತ್ತು ವರ್ಷಕ್ಕೂ ಮೀರಿ ಇನ್‌ಸ್ಟ್ರುಮೆಂಟೇಶನ್ ಕೆಲಸದಲ್ಲಿ ಕಳೆದವನು ನಾನು. ಪೇಟೆಂಟ್ ಕೇಳಿ ಬಂದ ಅರ್ಜಿಯನ್ನು ಪರಿಶೀಲಿಸುವ ಅಧಿಕಾರಿ ಮೊದಲು ಕೇಳುವುದು "ಇದು ಕೆಲಸ ಮಾಡುತ್ತದೆಯೇ" ಎಂದಲ್ಲ, "ಇದು ಮೊದಲೇ ಯಾರಿಗಾದರೂ ಗೊತ್ತಿತ್ತೇ" ಎಂದು. ಗುಟ್ಟು ಕಾಯುವ ಹೊಣೆಯಿಲ್ಲದೆ ಸದಸ್ಯರ ಮನೆಮನೆಗೆ ಹೋದ ಝೆರಾಕ್ಸ್ ಹಾಳೆಯನ್ನೂ ಪ್ರಕಟಣೆ ಎಂದು ಎಣಿಸಬಹುದು. ಸ್ವಂತ ಲೇಖನವೇ ಸ್ವಂತ ಹಕ್ಕಿಗೆ ಮುಳುವಾದೀತು. ಕೆಲವು ದೇಶಗಳು ಆವಿಷ್ಕಾರಕನೇ ಬಾಯಿಬಿಟ್ಟಿದ್ದರೆ ಕೆಲವು ತಿಂಗಳ ರಿಯಾಯಿತಿ ಕೊಡುತ್ತವೆ, ಕೆಲವು ಏನೂ ಕೊಡುವುದಿಲ್ಲ. ಯಾವ ದೇಶದ ಬಾಗಿಲು ಮುಂದೆ ತಟ್ಟಬೇಕಾದೀತೋ ಯಾರು ಬಲ್ಲರು?

ಆ ತರುಣರ ಯಂತ್ರ ಏನು, ಎಂಥದು ಎಂದು ಇಲ್ಲಿ ಬರೆಯಲಾರೆ. ಕಾರಣ ಓದುಗರಿಗೆ ಈಗಾಗಲೇ ತಿಳಿದಿದೆ. ಆದರೆ ಒತ್ತಡ ಅಳೆಯುವ ಸಲಕರಣೆಗೂ ಪೇಟೆಂಟಿಗೂ ಇರುವ ಹಳೆಯ ನಂಟನ್ನು ಹೇಳುವುದಕ್ಕೆ ಅಡ್ಡಿಯಿಲ್ಲ.

ಒತ್ತಡಕ್ಕೆ ಸ್ಪಂದಿಸುವ ಸಲಕರಣೆ ನಮ್ಮೆಲ್ಲರ ಅಡಿಗೆಮನೆಯಲ್ಲೇ ಇದೆ. ಕುಕ್ಕರಿನ ವೆಯ್ಟ್ ಎಂದರೆ ಉಗಿ ಇಷ್ಟಾಯಿತು, ಇನ್ನು ಸಾಕು ಎಂದು ಕೂಗಿ ಹೇಳುವ ಸಾಧನ. ಫ್ರಾನ್ಸಿನ ಡೆನಿ ಪಾಪಿನ್ 1679ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯವರಿಗೆ ತೋರಿಸಿದ ಉಗಿಪಾತ್ರೆಯೇ ಇದರ ಮುತ್ತಜ್ಜ. ಇನ್ನು ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಮೇಲೆ, ಕಟ್ಟಡದ ನೆಲಮಾಳಿಗೆಯ ಪಂಪುಗಳ ಮೇಲೆ ನಾವು ಕಾಣುವ ದುಂಡು ಮುಖದ, ಮುಳ್ಳು ತಿರುಗುವ ಗೇಜ್ ಇದೆಯಲ್ಲ, ಅದರ ಒಳಗೆ ಸಾಮಾನ್ಯವಾಗಿ ಇರುವುದು ಪ್ಯಾರಿಸಿನ ಯೂಜೀನ್ ಬೂರ್ಡೋನ್ 1849ರಲ್ಲಿ ಪೇಟೆಂಟ್ ಪಡೆದ ಕೊಳವೆ. ಚಪ್ಪಟೆ ಮಾಡಿ ಬಾಗಿಸಿದ ಲೋಹದ ಕೊಳವೆಯೊಳಗೆ ಒತ್ತಡ ಹೆಚ್ಚಿದರೆ ಅದು ನೆಟ್ಟಗಾಗಲು ನೋಡುತ್ತದೆ, ಆ ಚಲನೆ ಮುಳ್ಳನ್ನು ತಿರುಗಿಸುತ್ತದೆ. ಅಷ್ಟೇ. ನೂರ ಎಪ್ಪತ್ತು ವರ್ಷ ದಾಟಿದರೂ ಅದನ್ನು ಬದಿಗೆ ಸರಿಸುವವರು ಬಂದಿಲ್ಲ.

ಸ್ವಾರಸ್ಯ ಏನೆಂದರೆ, ಬೂರ್ಡೋನನ ಅರ್ಜಿಯನ್ನು ಯಾರೂ ಪರಿಶೀಲಿಸಲಿಲ್ಲ. ಫ್ರಾನ್ಸಿನ 1844ರ ಕಾನೂನಿನಂತೆ ಅರ್ಜಿ ಹಾಕಿ ಶುಲ್ಕ ಕಟ್ಟಿದವರಿಗೆ ಪೇಟೆಂಟ್ ಸಿಗುತ್ತಿತ್ತು. "ಸರ್ಕಾರದ ಖಾತರಿ ಇಲ್ಲ" ಎಂಬ ಅರ್ಥದ ನಾಲ್ಕು ಅಕ್ಷರಗಳನ್ನು ಮಾತ್ರ ಸಾಮಾನಿನ ಮೇಲೆ ಕೆತ್ತಿಸಬೇಕಿತ್ತು. ಹೊಸತೋ ಹಳತೋ ಎಂಬ ಜಗಳವನ್ನು ನೀವೇ ಕೋರ್ಟಿನಲ್ಲಿ ಮಾಡಿಕೊಳ್ಳಿ ಎಂಬ ಧೋರಣೆ. ಜಗಳ ಬಂದೇ ಬಂತು. ಗಾಳಿ ತೆಗೆದ ತೆಳು ಲೋಹದ ಡಬ್ಬಿಯಿಂದ ವಾಯುಭಾರ ಅಳೆಯುವ ಯಂತ್ರಕ್ಕೆ ಬೂರ್ಡೋನನಿಗಿಂತ ಐದು ವರ್ಷ ಮೊದಲೇ ಪೇಟೆಂಟ್ ಪಡೆದಿದ್ದ ಲೂಸಿಯೆನ್ ವಿಡಿ ಎಂಬಾತ "ಇದು ನನ್ನ ತತ್ವ" ಎಂದು ದಾವೆ ಹೂಡಿದ. ವರ್ಷಗಟ್ಟಲೆ ನಡೆದ ವ್ಯಾಜ್ಯ ಕೊನೆಗೆ ವಿಡಿಯ ಪರವಾಗಿ ತೀರ್ಮಾನವಾಯಿತು. ಅಮೆರಿಕದಲ್ಲಿ ಹೀಗಲ್ಲ. ಅಲ್ಲಿ 1836ರ ಕಾನೂನಿನಿಂದಲೇ ಪರಿಶೀಲಕರೆಂಬ ನೌಕರರು ಕುಳಿತು, ಹಳೆಯ ಕಡತಗಳನ್ನು ತಿರುವಿ, ಹೊಸತಲ್ಲವೆಂದು ಕಂಡದ್ದನ್ನು ಹಿಂದಕ್ಕೆ ಕಳಿಸುತ್ತಿದ್ದರು.

ನಮ್ಮ ದೇಶಕ್ಕೆ ಪೇಟೆಂಟ್ ಕಾಯ್ದೆ ಬಂದದ್ದು 1856ರಲ್ಲಿ, ಕಂಪನಿ ಸರ್ಕಾರದ ಕಾಲದಲ್ಲಿ. ಮೊದಲ ಹಕ್ಕು ಪಡೆದವರು ಕಲ್ಕತ್ತದ ಜಾರ್ಜ್ ಆಲ್ಫ್ರೆಡ್ ಡಿಪೆನ್ನಿಂಗ್. ಯಾವುದಕ್ಕೆ ಗೊತ್ತೇ? ಪಂಖಾ ಎಳೆಯುವ ಯಂತ್ರಕ್ಕೆ! ಜುಲೈ ತಿಂಗಳಿನಲ್ಲಿ ಎ.ಸಿ. ಕೆಟ್ಟ ದಿನ ನಾವು ಇವರನ್ನು ನೆನೆಯಬೇಕು. ಆ ಕಾಯ್ದೆಗೆ ಬ್ರಿಟನ್ ರಾಣಿಯ ಒಪ್ಪಿಗೆ ಪಡೆದಿರಲಿಲ್ಲವೆಂದು ಮರುವರ್ಷವೇ ರದ್ದಾಗಿ 1859ರಲ್ಲಿ ಮತ್ತೆ ಬಂತು. 1888ರಲ್ಲಿ ಇನ್ನೊಂದು ಕಾಯ್ದೆಯಾಯಿತು.

ಈ 1888ರ ಕಾಯ್ದೆಯ ಕಾಲಕ್ಕೆ ಸೇರಿದ್ದು ನಮ್ಮವರೇ ಆದ ಸರ್ ಎಂ. ವಿಶ್ವೇಶ್ವರಯ್ಯನವರ ಪೇಟೆಂಟ್. ಕನ್ನಂಬಾಡಿ ಕಟ್ಟೆ, ಭದ್ರಾವತಿ ಕಾರ್ಖಾನೆ, ಬ್ಯಾಂಕು, ವಿಶ್ವವಿದ್ಯಾನಿಲಯ ಇವನ್ನೆಲ್ಲ ನಮ್ಮ ಮಕ್ಕಳು ಭಾಷಣ ಸ್ಪರ್ಧೆಯಲ್ಲಿ ಹೇಳುತ್ತಾರೆ, ಪೇಟೆಂಟ್ ವಿಚಾರ ಹೇಳುವವರು ಕಡಿಮೆ. ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿದ್ದಾಗ ಅವರು ಜಲಾಶಯಕ್ಕೆ ತಾನೇ ತೆರೆದು ತಾನೇ ಮುಚ್ಚಿಕೊಳ್ಳುವ ಬಾಗಿಲುಗಳನ್ನು ರೂಪಿಸಿ ಪೇಟೆಂಟ್ ಮಾಡಿಸಿದರು. 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾ ಜಲಾಶಯದಲ್ಲಿ ಅವನ್ನು ಮೊದಲು ಅಳವಡಿಸಿದರು. ಆಮೇಲೆ ಗ್ವಾಲಿಯರಿನ ತಿಗ್ರಾ, ನಮ್ಮ ಕೃಷ್ಣರಾಜಸಾಗರಕ್ಕೂ ಅವು ಬಂದವು.

ಅದರಲ್ಲಿ ವಿದ್ಯುತ್ತೂ ಇಲ್ಲ, ಕಾವಲುಗಾರನೂ ಇಲ್ಲ. ಕೆರೆಯ ನೀರು ಗೊತ್ತುಮಾಡಿದ ಮಟ್ಟ ಮೀರಿದೊಡನೆ ಅದೇ ನೀರು ಪಕ್ಕದ ಬಾವಿಗೆ ಹರಿದು, ಅಲ್ಲಿ ತೂಗುಬಿಟ್ಟ ಎದುರುಭಾರದ ಸಮತೋಲವನ್ನು ಬದಲಿಸುತ್ತದೆ, ಬಾಗಿಲು ತೆರೆಯುತ್ತದೆ. ಪ್ರವಾಹ ಇಳಿದ ಮೇಲೆ ಬಾವಿ ಬರಿದಾಗಿ ಬಾಗಿಲು ಮೊದಲಿನ ಸ್ಥಿತಿಗೆ ಬರುತ್ತದೆ. ಲಾಭವೆಂದರೆ, ಕಟ್ಟೆಗೆ ಅಪಾಯವಿಲ್ಲದೆ ಹೆಚ್ಚು ನೀರು ನಿಲ್ಲಿಸಬಹುದಿತ್ತು. ಇಂದು ನಾವು ಕಂಟ್ರೋಲ್ ರೂಮಿನಲ್ಲಿ ಸೆನ್ಸರ್, ಕಂಟ್ರೋಲರ್, ವಾಲ್ವ್ ಎಂದು ಮೂರು ಬೇರೆ ಬೇರೆ ಚೌಕ ಬರೆಯುತ್ತೇವಲ್ಲ, ಆ ಮೂರೂ ಕೆಲಸವನ್ನು ನೀರಿನ ತೂಕವೊಂದರಿಂದಲೇ ಮಾಡಿಸಿದ್ದರು. ಸರ್ಕಾರಿ ನೌಕರಿಯಲ್ಲಿದ್ದಾಗ ಮಾಡಿದ ಕೆಲಸ ಇದು, ರಾಯಧನ ಬೇಡ ಎಂದು ಅವರು ಬಿಟ್ಟುಕೊಟ್ಟರೆಂಬುದು ಪ್ರಸಿದ್ಧವಾದ ಮಾತು.

ಒಡೆಯನ ಕೆಲಸದಲ್ಲಿದ್ದು ಮಾಡಿದ ಆವಿಷ್ಕಾರ ಯಾರದು ಎಂಬ ಇದೇ ಪ್ರಶ್ನೆ ಮೂರೂವರೆ ದಶಕಗಳ ಮೇಲೆ ಅಮೆರಿಕದಲ್ಲಿ ಎದ್ದಾಗ ಅಷ್ಟು ಸುಲಭವಾಗಿ ಮುಗಿಯಲಿಲ್ಲ. ತಂತಿಯನ್ನು ಎಳೆದು ಹಿಗ್ಗಿಸಿದರೆ ಅದರ ವಿದ್ಯುತ್ ನಿರೋಧ ಬದಲಾಗುತ್ತದೆಂದು ಲಾರ್ಡ್ ಕೆಲ್ವಿನ್ 1856ರಲ್ಲೇ ಹೇಳಿದ್ದರು. ಆದರೆ ಸಣ್ಣ ತಂತಿಯನ್ನು ಲೋಹಕ್ಕೆ ಅಂಟಿಸಿಬಿಟ್ಟರೆ ಆ ಲೋಹ ಎಷ್ಟು ಬಾಗಿತೆಂದು ತಂತಿಯೇ ಹೇಳೀತು ಎಂಬ ಉಪಾಯ ಫಲಕ್ಕೆ ಬಂದದ್ದು 1930ರ ದಶಕದ ಕೊನೆಯಲ್ಲಿ. ಅದೂ ಒಬ್ಬರಿಗೊಬ್ಬರ ಸುದ್ದಿಯಿಲ್ಲದೆ ದೇಶದ ಎರಡು ತುದಿಯಲ್ಲಿ ಇಬ್ಬರಿಗೆ! ಪಶ್ಚಿಮದಲ್ಲಿ ಕ್ಯಾಲ್‌ಟೆಕ್ ಸಂಸ್ಥೆಯ ಎಡ್ವರ್ಡ್ ಸಿಮನ್ಸ್, ಪೂರ್ವದಲ್ಲಿ ಎಂ.ಐ.ಟಿ.ಯ ಪ್ರೊಫೆಸರ್ ಆರ್ಥರ್ ರೂಗ್. ರೂಗ್ ಅವರಿಗೆ ಬೇಕಾಗಿದ್ದುದು ಭೂಕಂಪದಲ್ಲಿ ನೀರಿನ ಟ್ಯಾಂಕಿ ಹೇಗೆ ಅಲುಗುತ್ತದೆಂಬ ಲೆಕ್ಕ. ಅದಕ್ಕಾಗಿ ಮಾಡಿದ ಪುಟ್ಟ ಮಾದರಿಯ ಗೋಡೆಗೆ ಕೂದಲಿಗಿಂತ ತೆಳ್ಳಗಿನ ತಂತಿ ಅಂಟಿಸಿದರು. ಎಂ.ಐ.ಟಿ.ಯ ಪೇಟೆಂಟ್ ಸಮಿತಿ ನೋಡಿ, ಸ್ವಾರಸ್ಯವಾಗಿದೆ, ಆದರೆ ದೊಡ್ಡ ವ್ಯಾಪಾರಕ್ಕೆ ಬರುವಂಥದಲ್ಲ, ಹಕ್ಕು ನೀವೇ ಇಟ್ಟುಕೊಳ್ಳಿ ಎಂದಿತು. ಸಮಿತಿಗಳೆಂದರೆ ಹಾಗೆಯೇ.

ಕ್ಯಾಲ್‌ಟೆಕ್ ಹಾಗೆ ಹೇಳಲಿಲ್ಲ, ಹಕ್ಕು ತನ್ನದೆಂದಿತು. ಸಿಮನ್ಸ್ ಅಲ್ಲಿ ಪ್ರೊಫೆಸರರಲ್ಲ, ಸಣ್ಣ ಸಂಬಳದ ಸಹಾಯಕ. ಅವರಿಗೆ ಪೇಟೆಂಟ್ 1942ರಲ್ಲಿ ಬಂತು, ರೂಗ್ ಅವರಿಗೆ 1944ರಲ್ಲಿ. ಸಿಮನ್ಸ್ ತಮ್ಮ ಸಂಸ್ಥೆಯ ಮೇಲೆಯೇ ದಾವೆ ಹೂಡಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟಿನವರೆಗೆ ಹೋದರು, 1949ರಲ್ಲಿ ಗೆದ್ದರು. ಮುಂದೆ ಅವರು ನಾಲ್ಕು ನೂರು ವರ್ಷ ಹಿಂದಿನ ಇಟಲಿಯವರ ಹಾಗೆ ವೇಷ ಧರಿಸಿ ಊರಲ್ಲಿ ಓಡಾಡುತ್ತಿದ್ದರಂತೆ. ಗೆದ್ದವರಿಗೆ ಏನುಟ್ಟರೂ ಒಪ್ಪುತ್ತದೆ. ಎರಡು ಹಕ್ಕನ್ನೂ ಒಂದೇ ಕಂಪನಿ ತೆಗೆದುಕೊಂಡು ಸರಕಿಗೆ "ಎಸ್.ಆರ್.-4" ಎಂದು ಹೆಸರಿಟ್ಟಿತು. ಎಸ್ ಎಂದರೆ ಸಿಮನ್ಸ್, ಆರ್ ಎಂದರೆ ರೂಗ್. ತೆಳು ಲೋಹದ ಪೊರೆಗೆ ಇಂಥ ಗೇಜ್ ಅಂಟಿಸಿ, ಪೊರೆಯ ಒಂದು ಬದಿಗೆ ಎಣ್ಣೆಯನ್ನೋ ನೀರನ್ನೋ ಬಿಟ್ಟರೆ ಅದೇ ಪ್ರೆಶರ್ ಸೆನ್ಸರ್. 1954ರಲ್ಲಿ ಬೆಲ್ ಪ್ರಯೋಗಾಲಯದ ಚಾರ್ಲ್ಸ್ ಸ್ಮಿತ್ ಇದೇ ಗುಣ ಸಿಲಿಕಾನ್ ಮತ್ತು ಜರ್ಮೇನಿಯಂನಲ್ಲಿ ಹತ್ತಾರು ಪಟ್ಟು ಹೆಚ್ಚೆಂದು ತೋರಿಸಿದ ಮೇಲೆ ತಂತಿಯ ಜಾಗಕ್ಕೆ ಸಿಲಿಕಾನ್ ಬಂತು, ಸೆನ್ಸರ್ ಅಕ್ಕಿಕಾಳಿನಷ್ಟಾಯಿತು.

ಇನ್ನು ನಾವಿರುವ ನೆಲಕ್ಕೆ ಬರೋಣ. ಅಬುಧಾಬಿಯ ಸಮುದ್ರದಲ್ಲಿ ಉಮ್ ಶೈಫ್ ಎಣ್ಣೆ ಸಿಕ್ಕಿದ್ದು 1958ರಲ್ಲಿ, ದಾಸ್ ದ್ವೀಪದಿಂದ ಮೊದಲ ಹಡಗು ಹೊರಟದ್ದು 1962ರಲ್ಲಿ. ಅಂದಿನಿಂದ ಇಲ್ಲಿ ಒತ್ತಡ ಅಳೆಯದ ದಿನವಿಲ್ಲ. ಬಾವಿಯ ತಳದ ಒತ್ತಡ ಗೊತ್ತಿಲ್ಲದೆ ಎಣ್ಣೆ ಎಷ್ಟಿದೆ, ಎಷ್ಟು ದಿನ ಬಂದೀತು ಎಂದು ಹೇಳುವ ಹಾಗಿಲ್ಲ. ಆದರೂ ಪೇಟೆಂಟಿಗೆ ಇಲ್ಲಿ ಫೆಡರಲ್ ಕಾನೂನಾದದ್ದು 1992ರಲ್ಲಿ, 44ನೆಯ ನಂಬರಿನ ಕಾನೂನು. ಅದಕ್ಕೆ ಮೊದಲು ಗಲ್ಫ್ ದೇಶಗಳಲ್ಲಿ ಪತ್ರಿಕೆಯಲ್ಲಿ "ಇದು ನಮ್ಮದು, ಯಾರೂ ನಕಲು ಮಾಡಬಾರದು" ಎಂದು ಎಚ್ಚರಿಕೆಯ ಜಾಹೀರಾತು ಕೊಡುವ ವಾಡಿಕೆಯಿತ್ತು.

ಕಾನೂನು ಬಂದರೂ ಪರಿಶೀಲಿಸುವವರು ಬೇಕಲ್ಲ? ಅರ್ಜಿ ಅಬುಧಾಬಿಯ ಮಂತ್ರಾಲಯದಲ್ಲಿ, ವಿವರಣೆ ಅರಬ್ಬಿಯಲ್ಲಿ, ಆದರೆ ಹೊಸತೇ ಹಳತೇ ಎಂಬ ಪರಿಶೀಲನೆಗೆ ಕಡತ ಹೋಗುತ್ತಿದ್ದದ್ದು ಆಸ್ಟ್ರಿಯಾ ದೇಶದ ಪೇಟೆಂಟ್ ಕಚೇರಿಗೆ, ವಿಯೆನ್ನಾಕ್ಕೆ! 2014ರಲ್ಲಿ ಕೊರಿಯದೊಡನೆ ಒಪ್ಪಂದವಾಗಿ ಅಲ್ಲಿನ ಪರಿಶೀಲಕರೇ ಇಲ್ಲಿಗೆ ಬಂದು ಕೆಲಸ ಮಾಡತೊಡಗಿದರು. ರಿಯಾದಿನಲ್ಲಿ ಆರೂ ಗಲ್ಫ್ ದೇಶಗಳಿಗೆ ಸೇರಿ ಒಂದು ಕಚೇರಿ 1998ರಿಂದ ಅರ್ಜಿ ತೆಗೆದುಕೊಳ್ಳುತ್ತಿತ್ತು, 2021ರ ಜನವರಿಯಲ್ಲಿ ಹೊಸ ಅರ್ಜಿ ನಿಲ್ಲಿಸಿತು. ಅದೇ ವರ್ಷ ಯು.ಎ.ಇ.ಗೆ ಹೊಸ ಕಾನೂನೂ ಆಯಿತು.

ನಮ್ಮಂಥವರಿಗೆ ಮುಖ್ಯವಾದ ತಾರೀಖು ಬೇರೆ ಇದೆ. ಪ್ಯಾರಿಸ್ ಒಡಂಬಡಿಕೆಯ ಪ್ರಕಾರ ಒಂದು ಸದಸ್ಯ ದೇಶದಲ್ಲಿ ಅರ್ಜಿ ಹಾಕಿದವನು ಹನ್ನೆರಡು ತಿಂಗಳೊಳಗೆ ಇನ್ನೊಂದರಲ್ಲಿ ಹಾಕಿದರೆ ಮೊದಲಿನ ತಾರೀಖೇ ಲೆಕ್ಕಕ್ಕೆ ಬರುತ್ತದೆ. ಯು.ಎ.ಇ. ಇದಕ್ಕೆ ಸೇರಿದ್ದು 1996ರಲ್ಲಿ, ಭಾರತ ಸೇರಿದ್ದು 1998ರ ಡಿಸೆಂಬರಿನಲ್ಲಿ. ಅದಾದ ಮೇಲೆಯೇ ಊರಿನಲ್ಲಿ ಹಾಕಿದ ಅರ್ಜಿಯ ತಾರೀಖನ್ನು ಈ ಒಡಂಬಡಿಕೆಯ ಬಲದ ಮೇಲೆ ಇಲ್ಲಿ ತೋರಿಸುವ ದಾರಿ ತೆರೆಯಿತು.

ಪರಿಶೀಲಕ ಏನು ಮಾಡುತ್ತಾನೆಂದು ಒಂದು ಉದಾಹರಣೆ ಕೊಡುತ್ತೇನೆ. ನಾನು ಅರ್ಜಿ ಹಾಕಿದೆನೆನ್ನಿ. ಒಂದನೆಯ ಕೋರಿಕೆ: ಸಮುದ್ರದ ಉಪ್ಪುನೀರು ತಾಗದಂತೆ ಮುಂದೆ ಲೋಹದ ಪೊರೆ, ಹಿಂದೆ ಸಿಲಿಕಾನ್, ನಡುವೆ ಎಣ್ಣೆ ಇರುವ ಸೆನ್ಸರ್. ಪರಿಶೀಲಕ ಹಳೆಯ ನಾಲ್ಕು ಪೇಟೆಂಟ್‌ಗಳ ನಂಬರ್ ಬರೆದು "ಗೊತ್ತಿದ್ದದ್ದೇ" ಎನ್ನುತ್ತಾನೆ. ಎರಡನೆಯದು: ಪೊರೆಗೆ ಚಿನ್ನದ ಲೇಪ. ಅದೂ ಗೊತ್ತಿದ್ದದ್ದೇ, ಹೈಡ್ರೋಜನ್ ತಡೆಯಲು ಬಳಕೆಯಲ್ಲಿದೆ. ಮೂರನೆಯದು: ಆಗಸ್ಟ್ ಬಿಸಿಲಿಗೆ ಒಳಗಿನ ಎಣ್ಣೆ ಹಿಗ್ಗಿ ಇಲ್ಲದ ಒತ್ತಡ ತೋರಿಸದಂತೆ ಒಂದು ಸಣ್ಣ ಏರ್ಪಾಡು. ಅದು ಎಲ್ಲೂ ಕಾಣದಿದ್ದರೆ, ಈ ಕೆಲಸದಲ್ಲಿ ಪಳಗಿದವನಿಗೂ ತಟ್ಟನೆ ಹೊಳೆಯುವಂಥದಲ್ಲದಿದ್ದರೆ, ಅಷ್ಟು ಉಳಿಯುತ್ತದೆ. ಆನೆ ಕೇಳಿ ಬಾಲ ಪಡೆದಂತೆ ಕಂಡೀತು. ಆದರೆ ಆ ಬಾಲ ಗಟ್ಟಿಯಾಗಿದ್ದರೆ ಸಾಕು.

ನಮ್ಮ ತರುಣರ ವಿಷಯದಲ್ಲಿ ಇನ್ನೆರಡು ತೊಡಕಿದ್ದವು. ಲೆಕ್ಕಾಚಾರದಲ್ಲಿ ಅರ್ಧ ಪಾಲು ಬೆಂಗಳೂರಿನಲ್ಲಿರುವ ಅವರ ತಮ್ಮನದು. ಭಾರತದ ನಿವಾಸಿ ಹೊರದೇಶದಲ್ಲಿ ಮೊದಲು ಅರ್ಜಿ ಹಾಕಬೇಕಾದರೆ ಭಾರತದ ಪೇಟೆಂಟ್ ಕಚೇರಿಯ ಲಿಖಿತ ಅನುಮತಿ ಬೇಕು, ಇಲ್ಲವೇ ಅಲ್ಲಿ ಅರ್ಜಿ ಹಾಕಿ ಆರು ವಾರ ಕಾಯಬೇಕು. ಹೀಗಾಗಿ ಮೊದಲ ಅರ್ಜಿ ಕರ್ನಾಟಕಕ್ಕೆ ಸಂಬಂಧಪಟ್ಟ ಚೆನ್ನೈ ಕಚೇರಿಗೇ ಎಂದು ತೀರ್ಮಾನವಾಯಿತು. ಎರಡನೆಯದು ಸಿಮನ್ಸರ ತೊಡಕೇ. ಬೇರೆ ಒಪ್ಪಂದ ಇಲ್ಲದಿದ್ದರೆ ಕೆಲಸದ ಕರಾರಿನ ಭಾಗವಾಗಿ ಮಾಡಿದ ಆವಿಷ್ಕಾರ ಇಲ್ಲಿನ ಕಾನೂನಿನಂತೆ ಒಡೆಯನದು. "ಇದನ್ನು ಆಫೀಸಿನಲ್ಲಿ ಮಾಡಿದಿರೋ, ಮನೆಯಲ್ಲೋ?" ಎಂದು ಕೇಳಿದೆ. "ಮನೆಯಲ್ಲಿ ಸಾರ್, ಶುಕ್ರವಾರಗಳಂದು. ಆದರೆ ಡ್ರಾಯಿಂಗ್ ಪ್ರಿಂಟ್ ತೆಗೆದದ್ದು ಆಫೀಸಿನಲ್ಲಿ" ಎಂದರು. ಕರಾರು ಪತ್ರವನ್ನು ಹಿಡಿದುಕೊಂಡು ವಕೀಲರ ಹತ್ತಿರ ಹೋಗಿ ಎಂದೆ. ಹೋಗಿ ಬಂದಿದ್ದಾರೆ. ಚೆನ್ನೈಗೆ ಅರ್ಜಿಯೂ ತಲುಪಿದೆ.

ಸಂಪಾದಕರು ಅಂದು ಸಿಕ್ಕಿದರು, ಪಾಯಸ ಬಡಿಸುತ್ತಿದ್ದರು. ಲೇಖನ ಹಿಂದಕ್ಕೆ ಕೊಟ್ಟರು, ಆದರೆ "ಎರಡು ಪುಟ ಖಾಲಿ ಬಿಟ್ಟುಕೊಂಡಿದ್ದೇನೆ ಸಾರ್, ಅದನ್ನು ಈಗ ನೀವೇ ತುಂಬಿಸಿಕೊಡಬೇಕು" ಎಂದು ಪಟ್ಟು ಹಿಡಿದರು. ಈ ಬರಹ ಆ ಎರಡು ಪುಟ.