ಆಷಾಢ, ಅಡಿಕೆ ಮತ್ತು ಗಂಡ-ಹೆಂಡಿರ ಸರಸ

ಮದುವೆಯಾದ ಮೇಲೆ ಸರಸ ಆರಿಹೋಗುತ್ತದೆ ಎಂಬ ನಗೆಮಾತಿಗೆ ಮಲೆನಾಡಿನಲ್ಲಿ ಹೆಚ್ಚು ವಯಸ್ಸಾಗಿಲ್ಲ. ಆರಬೇಕಾದರೆ ಮೊದಲು ಹೊತ್ತಿಕೊಂಡಿರಬೇಕಲ್ಲ! ತೀರ್ಥಹಳ್ಳಿ ಕಡೆಯ ಕೋಣಂದೂರು ಸೀಮೆಯ ಮುತ್ತಜ್ಜ-ಮುತ್ತಜ್ಜಿಯರಿಗೆ ಮದುವೆಗೆ ಮುಂಚೆ ಅದಕ್ಕೆ ಆಸ್ಪದವೇ ಇರಲಿಲ್ಲ. 8 ವರ್ಷ ತುಂಬದ ಹುಡುಗಿಯರ ಮದುವೆಯನ್ನು ತಡೆಯಲು ಮೈಸೂರು ಸಂಸ್ಥಾನ 1894ರಲ್ಲಿ ಕಾಯಿದೆಯನ್ನೇ ತರಬೇಕಾಯಿತು. ಆ ವಯಸ್ಸಿನ ಮದುಮಗಳಿಗೆ ಗಂಡನಿಗಿಂತ ಊಟದೆಲೆಯ ಹೋಳಿಗೆಯೇ ಪ್ರಿಯವಾಗಿದ್ದರೆ ತಪ್ಪೇನು? ಎಲ್ಲ ಜಾತಿಗಳಲ್ಲೂ ಇಷ್ಟು ಎಳೆಯ ಮದುವೆ ಇರಲಿಲ್ಲ, ನಿಜ. ಆದರೆ ಹುಡುಗಿ ಬೆಳೆದವಳಾಗಿದ್ದ ಕಡೆಯೂ ಮಾತುಕತೆ ನಡೆಯುತ್ತಿದ್ದುದು ಜಗಲಿಯ ಹಿರಿಯರ ನಡುವೆ. ಪ್ರೀತಿ ಹುಟ್ಟುವುದಿದ್ದರೆ ಧಾರೆಯ ನಂತರವೇ ಹುಟ್ಟಬೇಕಿತ್ತು, ಅದೂ ಅತ್ತೆ, ನಾದಿನಿ, ಸೋದರತ್ತೆಯರೆಲ್ಲ ತುಂಬಿದ ಮನೆಯಲ್ಲಿ, ಗಂಡನ ಹೆಸರನ್ನು ಬಾಯಲ್ಲಿ ಹೇಳದೆ.

ಆ ಪ್ರೀತಿಗೆ ವೇಳಾಪಟ್ಟಿ ಹಾಕಿಕೊಟ್ಟದ್ದು ಮಳೆ ಮತ್ತು ತೋಟ. ಮೊದಲ ಆಷಾಢಕ್ಕೆ ಸೊಸೆ ತವರಿಗೆ. ಆಷಾಢದಲ್ಲಿ ಬಸಿರಾದರೆ ಚೈತ್ರದ ಬಿಸಿಲಲ್ಲಿ ಹೆರಿಗೆ ಎಂಬುದು ಹಿರಿಯರು ಕೊಡುವ ಕಾರಣ. ಅತ್ತೆ-ಸೊಸೆ ಒಂದೇ ಹೊಸ್ತಿಲು ದಾಟಬಾರದು ಎಂಬುದು ಅವರೇ ಕೊಡುವ ಇನ್ನೊಂದು ಕಾರಣ. ನನಗೆ ಹೆಚ್ಚು ಒಪ್ಪುವುದು ಮೂರನೆಯದು: ಆ ತಿಂಗಳಲ್ಲಿ ಗಂಡಸಿಗೆ ಪುರುಸೊತ್ತೇ ಇರುವುದಿಲ್ಲ. ಗದ್ದೆಯಲ್ಲಿ ನಾಟಿ, ತೋಟದಲ್ಲಿ ಕೊಳೆರೋಗ. ಅದನ್ನು ತಡೆಯಲು ಮೊದಲು ಅಡಿಕೆಗೊನೆಗಳಿಗೆ ಮಳೆ ತಾಗದಂತೆ ಕೊಟ್ಟೆ ಕಟ್ಟುತ್ತಿದ್ದರು. ಕಳೆದ ಶತಮಾನದ ಮೊದಲ ದಶಕಗಳಲ್ಲಿ ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಮೈಲುತುತ್ತ-ಸುಣ್ಣದ ಬೋರ್ಡೊ ದ್ರಾವಣವನ್ನು ರೂಢಿಗೆ ತಂದ. ಮಳೆ ಬಿಡುವು ಕೊಟ್ಟ ಒಂದೆರಡು ದಿನ ಅದನ್ನು ಸಿಂಪಡಿಸಿ ಮೈಕೈಯೆಲ್ಲ ನೀಲಿಯಾಗಿ ಮನೆಗೆ ಬಂದವನಿಂದ ಯಾರು ತಾನೆ ಸರಸ ನಿರೀಕ್ಷಿಸಿಯಾರು? ಸುಗ್ಗಿಯಲ್ಲಾದರೂ ಬಿಡುವಿತ್ತೇ ಎಂದರೆ, ರಾತ್ರಿಯಿಡೀ ಮೆಟ್ಟುಗತ್ತಿಯ ಮುಂದೆ ಅಡಿಕೆ ಸುಲಿಯುವ ಹೆಂಗಸರ ಸಾಲು, ಒಲೆಯ ಮೇಲೆ ಹಂಡೆಯಲ್ಲಿ ಬೇಯುವ ಅಡಿಕೆ. ಆದರೂ ಆ ಸಾಲಿಗೆ ಅಡಿಕೆಬುಟ್ಟಿ ತಂದು ಸುರಿಯುವ ನೆಪದಲ್ಲಿ ಒಂದು ನೋಟಕ್ಕೆ ಅವಕಾಶ ಖಂಡಿತ ಇತ್ತು.

ಪ್ರೀತಿ ಧಾರೆಯ ನಂತರವೇ ಎಂಬ ಮಾತಿಗೊಂದು ಆಕ್ಷೇಪವಿದೆ. ಮದುವೆಗೆ ಮೊದಲಿನ ಪ್ರೇಮ ಇಲ್ಲಿ ಇರಲೇ ಇಲ್ಲವೇ? ಇತ್ತು. ಇದೇ ತೀರ್ಥಹಳ್ಳಿ ಸೀಮೆಯ ಕಾಡು-ಕಮರಿಗಳ ಕತೆಯಾದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯ ಚಿನ್ನಮ್ಮ ಮೆಚ್ಚಿದವನಿಗಾಗಿ ಬೇಡದ ಮದುವೆಯಿಂದ ತಪ್ಪಿಸಿಕೊಂಡು ಕತ್ತಲಲ್ಲಿ ಕಾಡು ಹಿಡಿಯುತ್ತಾಳೆ. ಪ್ರೇಮಿಗಳು ಮನೆ ಬಿಟ್ಟು ಓಡಬೇಕಾಗಿತ್ತು ಎಂಬುದೇ ಅದು ರೂಢಿಯಲ್ಲ, ಸಾಹಸ ಎಂಬುದಕ್ಕೆ ಸಾಕ್ಷಿ. ರೂಢಿಯ ಪ್ರೇಮ ಬೇಕಿದ್ದರೆ 1942ರಲ್ಲಿ ಬಂದ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ಯನ್ನು ನೋಡಬೇಕು. ಕನ್ನಡಿಗರು ಮನಸೋತ ಆ ಸಂಕಲನದ ನಾಯಕಿ ಬಹುಪಾಲು ಹೆಂಡತಿ. ಆಕೆ ತವರಿಗೆ ಹೋಗುವುದೇ ದೊಡ್ಡ ವಿರಹ. ಹಾಗೆಂದು ಹಳೆಯ ಪದ್ಧತಿಯನ್ನು ಹೊಗಳಲು ನಾನು ತಯಾರಿಲ್ಲ. ತವರಿಗೆ ಹೋಗಲು ಆಷಾಢವೇ ಬರಬೇಕಿದ್ದ ಹೆಣ್ಣುಮಕ್ಕಳು ಆ ತಿಂಗಳಿಗೆ ಕಾಯುತ್ತಿದ್ದುದು ವಿರಹಕ್ಕಲ್ಲ, ವಿಶ್ರಾಂತಿಗೆ.

ಈಗ ಅಡಿಕೆಯನ್ನು ಯಂತ್ರ ಸುಲಿಯುತ್ತದೆ. ಹೆಂಡತಿ ತವರಿನಲ್ಲಿದ್ದರೂ ಅಲ್ಲಿ ಒಲೆಯ ಮೇಲೆ ಕುದಿಯುವ ಸಾರು ವಿಡಿಯೊ ಕರೆಯಲ್ಲಿ ಗಂಡನಿಗೆ ಕಾಣುತ್ತದೆ. ಸರಸ ಕಡಿಮೆಯಾಯಿತೆಂದು ಮದುವೆಯನ್ನು ದೂರುವವರು ಮೊದಲು ಆ ಫೋನನ್ನು ವಿಚಾರಿಸಿಕೊಳ್ಳಲಿ.