ಸಂಕಿರಣದ ಚೀಲದಲ್ಲಿ ಬಂದದ್ದು

ಬೆಂಗಳೂರಿನ ವಿಚಾರ ಸಂಕಿರಣಕ್ಕೆ ಹೋದ ಹುಮನಾಬಾದಿನ ಉಪನ್ಯಾಸಕರು ಮರಳುವಾಗ ತರುವುದೇನು? ಒಂದು ಚೀಲ, ಪ್ರಮಾಣಪತ್ರ, ಪ್ರಬಂಧಗಳ ಸಾರಾಂಶದ ಪುಸ್ತಕ. ಬಸವಕಲ್ಯಾಣದವರಾದರೆ ರಾತ್ರಿ ಬಸ್ಸಿನ ನಿದ್ದೆಗೇಡೂ ಜೊತೆಗಿರುತ್ತದೆ. ಹುಮನಾಬಾದಿನ ಮೂಲಕ ಸಾಗುವ ಬೀದರ್–ಕಲಬುರಗಿ ರೈಲುಮಾರ್ಗ ಪೂರ್ಣಗೊಂಡದ್ದೇ 2017ರಲ್ಲಿ.

ಶಿಕ್ಷಕರು ಸಭೆಗೆ ಹೋಗುವ ಬದಲು ಸಭೆಯೇ ಅವರ ಬಳಿಗೆ ಬಂದರೆ? ಈ ಪ್ರಯೋಗ ಬೀದರಿನ ನೆರೆಯಲ್ಲೇ ನಡೆದಿತ್ತು. 1975ರ ಆಗಸ್ಟ್ 1ರಿಂದ ಒಂದು ವರ್ಷ ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ‘ಸೈಟ್’ ಯೋಜನೆ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನವನ್ನು ತಲುಪಿಸಿತು. ಕರ್ನಾಟಕದಲ್ಲಿ ಆಯ್ಕೆಯಾದವು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು. ಬೀದರ್ ಪಟ್ಟಿಯಲ್ಲಿರಲಿಲ್ಲ. ಅದೇ ಅಕ್ಟೋಬರಿನಲ್ಲಿ ಪ್ರಾಥಮಿಕ ಶಾಲೆಗಳ ವಿಜ್ಞಾನ ಶಿಕ್ಷಕರಿಗೆ 12 ದಿನಗಳ ತರಬೇತಿ ಏರ್ಪಟ್ಟಿತು. ಪರದೆ ನೋಡಿ ಎದ್ದುಹೋಗುವ ತರಬೇತಿ ಅದಲ್ಲ. ಚಿತ್ರದ ಜೊತೆಗೆ ರೇಡಿಯೋ ಪಾಠ, ಕೈಯಾರೆ ಮಾಡುವ ಪ್ರಯೋಗ, ಚರ್ಚೆ ಎಲ್ಲವೂ ಇದ್ದವು. ಉಪಗ್ರಹಕ್ಕಿಂತ ಈ ಏರ್ಪಾಟೇ ಮುಖ್ಯವೆಂದು ನನಗನಿಸುತ್ತದೆ.

2004ರಲ್ಲಿ ಇನ್‌ಸ್ಯಾಟ್-3ಬಿ ಮೂಲಕ ಎಂಜಿನಿಯರಿಂಗ್ ಪಾಠ ಪ್ರಸಾರದ ಪ್ರಾಯೋಗಿಕ ಹಂತಕ್ಕೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಆಯ್ಕೆಯಾಯಿತು. ಬಸವಕಲ್ಯಾಣದ ಎಂಜಿನಿಯರಿಂಗ್ ಕಾಲೇಜು ಇದೇ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಆ ವರ್ಷದ ಸೆಪ್ಟೆಂಬರ್ 20ರಂದು 1950 ಕಿಲೋಗ್ರಾಂ ತೂಕದ ಎಜುಸ್ಯಾಟ್ ಶ್ರೀಹರಿಕೋಟಾದಿಂದ ಮೇಲೇರಿತು. ಅದರ ಭೂಕೇಂದ್ರಗಳು ಎರಡು ಬಗೆ: ಬರೀ ಕೇಳುವಂಥವು, ಮರಳಿ ಪ್ರಶ್ನೆ ಕೇಳಬಲ್ಲವು. ಮೊದಲನೆಯದು ಅಗ್ಗ. ಆದರೆ ಅಲ್ಲಿ ವಿದ್ಯಾರ್ಥಿಯ ಸಂಶಯ ತರಗತಿಯಲ್ಲೇ ಉಳಿಯುತ್ತದೆ; ಅದನ್ನು ಬಿಡಿಸಲು ಸ್ಥಳೀಯ ಅಧ್ಯಾಪಕರೇ ಬೇಕು. ಎಜುಸ್ಯಾಟ್ ಸೇವೆ 2010ರಲ್ಲಿ ಮುಗಿಯಿತು.

ಈ ಕೊರತೆಗೆ ಸರಿಯಾದ ಉತ್ತರ ದೊರೆತದ್ದು ಮುಂಬಯಿ ಐಐಟಿಯ ಕಾರ್ಯಾಗಾರಗಳಲ್ಲಿ. 2009ರಲ್ಲಿ ಆರಂಭವಾದ ರಾಷ್ಟ್ರೀಯ ಯೋಜನೆಯೊಂದರ ನೆರವಿನಿಂದ ಅವು ದೇಶದ ನೂರಾರು ಕಾಲೇಜುಗಳಿಗೆ ಅಂತರಜಾಲದ ಮೂಲಕ ತಲುಪಿದವು. ಮೊದಲು ಪ್ರತಿ ಕೇಂದ್ರದಿಂದ ಸಂಯೋಜಕರೊಬ್ಬರು ಮುಂಬಯಿಗೆ ಹೋಗಿ ಕಲಿತು ಬರುತ್ತಿದ್ದರು. ಬಳಿಕ ಸುತ್ತಲಿನ ಕಾಲೇಜುಗಳ ಅಧ್ಯಾಪಕರು ಆ ಕೇಂದ್ರದಲ್ಲಿ ಸೇರುತ್ತಿದ್ದರು. ಉಪನ್ಯಾಸ ಪರದೆಯ ಮೇಲೆ. ಪ್ರಯೋಗಾಲಯದ ಮೇಜಿನ ಬಳಿ ನಿಂತು ತೋರಿಸುವವರು ಮಾತ್ರ ಆ ಸಂಯೋಜಕರು.

ನಮ್ಮ ಕಾಲೇಜುಗಳಲ್ಲಿ ಸಂಕಿರಣಕ್ಕೆ ಹೋಗಿಬಂದವರಿಂದ ಸಾಮಾನ್ಯವಾಗಿ ಕೇಳುವುದು ಹಾಜರಾತಿ ಪತ್ರ ಮತ್ತು ಪ್ರಯಾಣದ ಬಿಲ್ಲು. ಮುಂಬಯಿಗೆ ಹೋದ ಸಂಯೋಜಕರಿಗಾದರೋ, ಊರು ತಲುಪಿದ ಬಳಿಕ ಸಹೋದ್ಯೋಗಿಗಳ ಮುಂದೆ ನಿಲ್ಲುವ ಸರದಿ ಕಾದಿರುತ್ತಿತ್ತು.