ಬಹುಮಾನ ಪಡೆದ ಕುರ್ಚಿಯ ಮುಂದಿನ ಕಥೆ

ಒಳಾಂಗಣ ವಿನ್ಯಾಸ ಕಲಿಯುವ ವಿದ್ಯಾರ್ಥಿಗಳು ಸ್ಪರ್ಧೆಗೆ ನಕ್ಷೆ ಕಳಿಸುವುದು ಬಹುಮಾನಕ್ಕಾಗಿ ಮಾತ್ರವೇ? ಈ ಪ್ರಶ್ನೆಗೆ ಇತಿಹಾಸದಲ್ಲೇ ಉತ್ತರವಿದೆ.

1940ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು ಮನೆಯ ಪೀಠೋಪಕರಣಗಳ ವಿನ್ಯಾಸ ಸ್ಪರ್ಧೆಯೊಂದನ್ನು ಏರ್ಪಡಿಸಿತು. ಮಿಷಿಗನ್‌ ರಾಜ್ಯದ ಕ್ರಾನ್‌ಬ್ರೂಕ್ ಕಲಾಶಾಲೆಯ ಚಾರ್ಲ್ಸ್ ಈಮ್ಸ್ ಮತ್ತು ಈರೋ ಸಾರಿನೆನ್ ಜೊತೆಗೂಡಿ ಎರಡು ವಿಭಾಗಗಳಲ್ಲಿ ಪ್ರಥಮ ಬಹುಮಾನ ಗಳಿಸಿದರು. ನಕ್ಷೆಗಳನ್ನು ಸಿದ್ಧಪಡಿಸಲು ನೆರವಾದವರಲ್ಲಿ ಅಲ್ಲಿನ ವಿದ್ಯಾರ್ಥಿನಿ ರೇ ಕೈಸರ್ ಒಬ್ಬರು. ಬಹುಮಾನಿತರ ಪಟ್ಟಿಯಲ್ಲಿ ಆಕೆಯ ಹೆಸರಿರಲಿಲ್ಲ.

ಕಾಗದದ ಮೇಲೆ ಗೆದ್ದ ಕುರ್ಚಿ ಕಾರ್ಖಾನೆಯಲ್ಲಿ ಸೋತಿತು. ಪ್ಲೈವುಡ್ ಒಂದು ದಿಕ್ಕಿಗೆ ಸುಲಭವಾಗಿ ಬಾಗುತ್ತದೆ. ಬಟ್ಟಲಿನಂತೆ ಎರಡೂ ದಿಕ್ಕಿಗೆ ಬಗ್ಗಿಸಿದರೆ ಸೀಳುತ್ತದೆ. ಬಿರುಕು ಮುಚ್ಚಲು ಮೆತ್ತೆ, ಬಟ್ಟೆ ಹೊದಿಸಬೇಕಾಯಿತು. ಅಗ್ಗವಾಗಬೇಕಿದ್ದ ಕುರ್ಚಿ ದುಬಾರಿಯಾಯಿತು.

1941ರಲ್ಲಿ ಚಾರ್ಲ್ಸ್ ಮತ್ತು ರೇ ವಿವಾಹವಾಗಿ ಲಾಸ್ ಏಂಜಲೀಸ್‌ಗೆ ಹೋದರು. ಮನೆಯಲ್ಲೇ ಅಚ್ಚೊಂದನ್ನು ಕಟ್ಟಿ, ಸೈಕಲ್ ಪಂಪಿನ ಗಾಳಿಯ ಒತ್ತಡದಿಂದ ಮರದ ತೆಳು ಹಾಳೆಗಳನ್ನು ಬಗ್ಗಿಸಿ ನೋಡಿದರು. ಈ ಅನುಭವದಿಂದ ಯುದ್ಧಕಾಲದಲ್ಲಿ ಅಮೆರಿಕದ ನೌಕಾಪಡೆಗಾಗಿ, ಗಾಯಗೊಂಡ ಕಾಲಿಗೆ ಕಟ್ಟುವ ಪ್ಲೈವುಡ್ ದಬ್ಬೆಗಳು ತಯಾರಾದವು. 1946ರ ಹೊತ್ತಿಗೆ ಆಸನ ಬೇರೆ, ಒರಗು ಬೇರೆಯಾಗಿ ಬಗ್ಗಿಸಿ ಜೋಡಿಸಿದ ಕುರ್ಚಿ ಬಂತು. ಅದಕ್ಕೆ ಮೆತ್ತೆ ಬೇಕಿರಲಿಲ್ಲ. 1958ರಲ್ಲಿ ಇದೇ ದಂಪತಿ ಭಾರತ ಸರ್ಕಾರಕ್ಕೆ ನೀಡಿದ ವರದಿಯೇ 1961ರಲ್ಲಿ ಆರಂಭವಾದ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ತಳಹದಿಯಾಯಿತು.

ಸ್ಪರ್ಧೆಗೆ ಸಿದ್ಧರಾಗುವ ವಿದ್ಯಾರ್ಥಿ ಮಿತ್ರರು ಗಮನಿಸಬೇಕಾದುದು ಇಷ್ಟು: ತೀರ್ಪುಗಾರರು ನೋಡುವುದು ನಕ್ಷೆಯನ್ನು, ಮರ, ಲೋಹ, ಬಟ್ಟೆಗಳು ತಮ್ಮ ತೀರ್ಪನ್ನು ಆಮೇಲೆ ಹೇಳುತ್ತವೆ. ಆದ್ದರಿಂದ ನಕ್ಷೆ ಕಳಿಸುವ ಮುನ್ನ ಬಳಸುವ ವಸ್ತುವನ್ನು ಕೈಯಾರೆ ಬಗ್ಗಿಸಿ ನೋಡಿ. ಜೊತೆಯಲ್ಲಿ ದುಡಿದವರೆಲ್ಲರ ಹೆಸರನ್ನೂ ಬರೆಯಿರಿ.